ಪ್ಯಾರಿಸ್ ಗೋಡೆಯ ಪೋಸ್ಟರುಗಳು



ಬಿ.ಇ. ಓದಿದವನು ಕಂಪ್ಯೂಟರ್ ಬಗ್ಗೆಯೇ ಮಾತಾಡುತ್ತಾನೆ ಎಂದು ನೀವು ಎಣಿಸಿರಬಹುದು. ನಾನು ಪೋಸ್ಟರುಗಳ ಬಗ್ಗೆ ಮಾತಾಡುತ್ತೇನೆ.

ಕೆಲಸದ ಮೇಲೆ ಕೆಲವು ತಿಂಗಳು ಪ್ಯಾರಿಸ್‌ನಲ್ಲಿದ್ದೆ. ಅಲ್ಲಿನ ಹಳೆಯ ಗೋಡೆಗಳ ಮೇಲೆ ಒಂದು ಬರಹ ಈಗಲೂ ಕಾಣುತ್ತದೆ: ಪೋಸ್ಟರ್ ಅಂಟಿಸಬಾರದು, 1881ರ ಜುಲೈ 29ರ ಕಾನೂನು. ನಮ್ಮೂರಲ್ಲೂ ಹೀಗೆ ಬರೆಯುತ್ತಾರೆ, ತಾರೀಖು ಮಾತ್ರ ಹಾಕುವುದಿಲ್ಲ!

ಅದು ಫ್ರಾನ್ಸಿನ ಪತ್ರಿಕಾ ಸ್ವಾತಂತ್ರ್ಯದ ಕಾನೂನು. ನಿಷೇಧಿಸಿದ ಜಾಗ ಬಿಟ್ಟು ಉಳಿದ ಕಡೆ ಪೋಸ್ಟರ್ ಹಚ್ಚುವುದನ್ನು ಅದು ಮುಕ್ತಗೊಳಿಸಿತು. ಅದಕ್ಕೆ ಒಂದೂವರೆ ತಿಂಗಳ ಮುಂಚೆ, ಜೂನ್ 16ರಂದು, ಸರ್ಕಾರಿ ಪ್ರಾಥಮಿಕ ಶಾಲೆಗಳ ಶುಲ್ಕ ತೆಗೆದುಹಾಕಿದ ಕಾನೂನು ಬಂದಿತ್ತು. ಒಂದೇ ಬೇಸಿಗೆಯಲ್ಲಿ ಬಡವರಿಗೆ ಶಾಲೆಯೂ ತೆರೆಯಿತು, ಎಲ್ಲರಿಗೂ ಗೋಡೆಯೂ ತೆರೆಯಿತು. ಸರ್ಕಾರಿ ಶಾಲೆಯಲ್ಲಿ ಓದಿದ ನನಗೆ ಇದು ಸಣ್ಣ ವಿಷಯವೆನಿಸಲಿಲ್ಲ.

ಬಣ್ಣದ ಪೋಸ್ಟರುಗಳಿಗೆ ದಾರಿ ಮಾಡಿದವನು ಜೂಲ್ ಶೆರೆ. ಮುದ್ರಣ ಕಲ್ಲಚ್ಚಿನದು. ಕಲ್ಲಿನ ಮೇಲೆ ಜಿಡ್ಡಿನಿಂದ ಚಿತ್ರ ಬರೆದು, ಕಲ್ಲನ್ನು ಒದ್ದೆ ಮಾಡಿ ಮಸಿ ಹಚ್ಚಿದರೆ, ಅದು ಜಿಡ್ಡಿರುವಲ್ಲಿ ಮಾತ್ರ ಹತ್ತುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಮೂರ್ನಾಲ್ಕು ಕಲ್ಲುಗಳಲ್ಲೇ ಅವನು ಬೀದಿಗೆ ಜಾತ್ರೆಯ ಕಳೆ ತಂದ. ಅವನ ಪೋಸ್ಟರಿನ ಹುಡುಗಿಯರು ಸದಾ ನಗುತ್ತಾರೆ. ನನಗೆ ಆ ನಗು ಸ್ವಲ್ಪ ಅತಿಯೆನಿಸುತ್ತದೆ.

1891ರಲ್ಲಿ ತುಲೂಸ್ ಲೋತ್ರೆಕ್ ಮುಲಾಂ ರೂಜ್ ಎಂಬ ನೃತ್ಯಶಾಲೆಗೆ ಮಾಡಿದ ಪೋಸ್ಟರ್ ಬೇರೆಯೇ ತೆರನಾದದ್ದು. ನಡುವೆ ಕಾಲೆತ್ತಿ ಕುಣಿಯುವ ಹೆಣ್ಣು. ಹಿಂದೆ ನಿಂತು ನೋಡುವವರೆಲ್ಲ ಬರೀ ಕಪ್ಪು ನೆರಳು, ಮುಖವೇ ಇಲ್ಲ. ಅವಳ ಹೆಸರು ಲೂಯಿಸ್ ವೆಬೆರ್, ಬಟ್ಟೆ ಒಗೆಯುವವರ ಮನೆಯ ಮಗಳು. ಜನ ಇಟ್ಟ ಅಡ್ಡಹೆಸರಿನ ಅರ್ಥ ಹೊಟ್ಟೆಬಾಕಿ. ಊರೆಲ್ಲ ಅವಳ ಚಿತ್ರವಿತ್ತು. 1929ರಲ್ಲಿ ಬಡತನದಲ್ಲೇ ತೀರಿಕೊಂಡಳು. ಆ ಪೋಸ್ಟರಿನ ಪ್ರತಿಗಳನ್ನು ಈಗ ವಸ್ತುಸಂಗ್ರಹಾಲಯಗಳು ಜೋಪಾನ ಮಾಡಿವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸ್ಟೈನ್‌ಲೆನ್ 1894ರಲ್ಲಿ ಬರೆದ ಹಾಲಿನ ಜಾಹೀರಾತು. ಕೆಂಪು ಅಂಗಿಯ ಪುಟ್ಟ ಹುಡುಗಿ, ಅವನ ಮಗಳೇ, ಬಟ್ಟಲಿನಿಂದ ಹಾಲು ಕುಡಿಯುತ್ತಿದ್ದಾಳೆ. ಮೂರು ಬೆಕ್ಕುಗಳು ಆಸೆಯಿಂದ ನೋಡುತ್ತಿವೆ. ಕೆಟ್ಟ ಹಾಲು ಕುಡಿದು ನಗರದ ಎಳೆಗೂಸುಗಳು ಸಾಯುತ್ತಿದ್ದ ಕಾಲವದು. ಇದು ಕ್ರಿಮಿ ಕೊಂದ ಶುದ್ಧ ಹಾಲು ಎಂದು ಅಕ್ಷರಗಳು ಹೇಳುತ್ತವೆ. ಅಕ್ಷರ ಬಾರದ ತಾಯಿಗೂ ಬೆಕ್ಕುಗಳ ಮುಖ ನೋಡಿದರೆ ಸಾಕಿತ್ತು. ಆ ಹಾಲು ಕೊಳ್ಳುವಷ್ಟು ದುಡ್ಡು ಅವಳ ಸೆರಗಿನಲ್ಲಿತ್ತೇ ಎಂಬುದನ್ನು ಮಾತ್ರ ಪೋಸ್ಟರ್ ಹೇಳುವುದಿಲ್ಲ.