ಹೊಡೆತಕ್ಕೆ ಇಲ್ಲದ ಧರ್ಮ ಬಾಡಿಗೆ ಮನೆಗೆ ಯಾಕೆ?

(ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ವರದಕ್ಷಿಣೆ, ಹೊಡೆತ-ಬಡಿತದ ಬಗ್ಗೆ ನಾವು ಎಷ್ಟೋ ಸಲ ಕೂತು ಮಾತಾಡಿದ್ದೇವೆ. ಇವತ್ತು ಅದಕ್ಕೇ ಸೇರಿದ ಇನ್ನೊಂದು ವಿಷಯ ಹೇಳಬೇಕು. ಹಿಂಸೆ ತಾಳಲಾರದೆ ಒಬ್ಬ ಹೆಂಗಸು ಮಕ್ಕಳ ಕೈ ಹಿಡಿದುಕೊಂಡು ಗಂಡನ ಮನೆಯಿಂದ ಹೊರಬಂದಳು ಅಂದುಕೊಳ್ಳಿ. ಅವಳಿಗೆ ಮೊದಲು ಬೇಕಾದದ್ದು ವಕೀಲರಲ್ಲ, ಕೋರ್ಟೂ ಅಲ್ಲ. ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಮಲಗಲು ಒಂದು ಕೋಣೆ. ಅದನ್ನು ಹುಡುಕಿಕೊಂಡು ನಮ್ಮ ಕ್ರಾಸುಗಳಲ್ಲಿ ಅಲೆದರೆ, ಬಾಡಿಗೆಯ ಮಾತಿಗಿಂತ ಮೊದಲೇ ಬರುವ ಪ್ರಶ್ನೆ: "ನೀವು ಯಾವ ಜನ?"

ಬುರ್ಖಾ ಹಾಕಿದವಳಿಗೆ ಆ ಪ್ರಶ್ನೆಯೂ ಇಲ್ಲ. "ಮನೆ ಆಗಲೇ ಕೊಟ್ಟಾಯಿತಮ್ಮ" ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಕೊರಳಲ್ಲಿ ಶಿಲುಬೆ ಕಂಡರೆ, "ಮಾಂಸ ಬೇಯಿಸುವವರಿಗೆ ಕೊಡುವುದಿಲ್ಲ" ಅನ್ನುತ್ತಾರೆ. "ನನಗೆ ದೇವರು, ಧರ್ಮದಲ್ಲಿ ನಂಬಿಕೆ ಇಲ್ಲ" ಎಂದವಳನ್ನು, ದೀಪ ಹಚ್ಚದ ಹೆಂಗಸು ಎಂದು ಅನುಮಾನದಿಂದ ನೋಡುತ್ತಾರೆ. ಬೇರೆ ಧರ್ಮದವನನ್ನು ಮೆಚ್ಚಿ ಮದುವೆಯಾದವಳ ಪಾಡು ಇನ್ನೂ ಕಷ್ಟ. "ನೀನೇ ಹೋದೆ, ನೀನೇ ಅನುಭವಿಸು" ಎಂದು ತವರಿನ ಬಾಗಿಲೂ ಮುಚ್ಚಿರುತ್ತದೆ. ಕೊನೆಗೆ ಎಲ್ಲರಿಗೂ ಉಳಿಯುವ ದಾರಿ ಒಂದೇ, ಹೊಡೆಯುವವನ ಮನೆಗೆ ವಾಪಸ್ಸು. ಅದಕ್ಕೇ ಹೇಳುತ್ತೇನೆ, "ಯಾವ ಜನ?" ಎಂಬ ಪ್ರಶ್ನೆಗೂ ಗಂಡನ ಏಟಿಗೂ ನೇರ ಸಂಬಂಧವಿದೆ.

ಇದು ಇವತ್ತಿನ ರೋಗವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಕಿಕ್ಕಿರಿದ ಪೇಟೆಯಿಂದ ಜನ ಹೊರಗೆ ಬರಲೆಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಾದವು. ಗಾಳಿ ಬೆಳಕಿಗೆಂದು ಅಗಲವಾದ ರಸ್ತೆ ಮಾಡಿದರು. ಆದರೆ ನಿವೇಶನ ಹಂಚುವಾಗ ಜಾತಿ-ಮತ ನೋಡಿ ಭಾಗ ಮಾಡಿದರು. ಪ್ಲೇಗು ಹೋಯಿತು, ಆ ಗೆರೆ ಮನಸ್ಸಿನಲ್ಲಿ ಉಳಿಯಿತು.

ಕಾನೂನು ಏನು ಹೇಳುತ್ತದೆ? 1961ರ ವರದಕ್ಷಿಣೆ ನಿಷೇಧ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯೂ ಹಾಗೆಯೇ. ಮನೆ ಯಾರ ಹೆಸರಿನಲ್ಲೇ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಹೆಣ್ಣಿಗಿದೆ. ಮಾವನ ಮನೆಗೂ ಇದು ಅನ್ವಯಿಸಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಲ್ಲಿರಲು ಆಗದಿದ್ದರೆ ಬೇರೆ ಮನೆ ಮಾಡಿಕೊಡು, ಇಲ್ಲವೇ ಬಾಡಿಗೆ ಕಟ್ಟು ಎಂದು ನ್ಯಾಯಾಧೀಶರು ಗಂಡನಿಗೆ ಆದೇಶಿಸಬಹುದು. ಸರಿ, ಬಾಡಿಗೆ ದುಡ್ಡು ಕೈಗೆ ಬಂದರೂ ಮನೆ ಕೊಡುವವರು ಬೇಕಲ್ಲ!

ನಮ್ಮ ಸಂವಿಧಾನದ 15ನೇ ವಿಧಿಯ ಪ್ರಕಾರ ಸರ್ಕಾರ ಧರ್ಮ ನೋಡಿ ಭೇದ ಮಾಡುವಂತಿಲ್ಲ. ಅಂಗಡಿ, ಹೋಟೆಲು, ಬಾವಿ, ರಸ್ತೆಗಳಲ್ಲೂ ಯಾರನ್ನೂ ತಡೆಯುವಂತಿಲ್ಲ. ಆದರೆ ಬಾಡಿಗೆ ಮನೆಯ ಮಾತು ಆ ಪಟ್ಟಿಯಲ್ಲಿಲ್ಲ. ಎಂಟನೇ ಕ್ರಾಸಿನಲ್ಲಿ ಹೂವು ಮಾರುವವರು ಯಾರಿಗೂ ಇಲ್ಲ ಅನ್ನುವುದಿಲ್ಲ, ಮನೆ ಮಾಲೀಕ ಮಾತ್ರ ಧೈರ್ಯವಾಗಿ ಇಲ್ಲ ಅನ್ನುತ್ತಾನೆ.

ಕಾನೂನೇ ಧರ್ಮ ನೋಡಿ ಭೇದ ಮಾಡಿದ್ದೂ ಉಂಟು. 1869ರ ವಿಚ್ಛೇದನ ಕಾಯ್ದೆಯಲ್ಲಿ ಕ್ರೈಸ್ತ ಹೆಂಡತಿಗೆ ಬರೀ ಗಂಡನ ಕ್ರೌರ್ಯ ಸಾಕಾಗುತ್ತಿರಲಿಲ್ಲ, ಅವನ ವ್ಯಭಿಚಾರವನ್ನೂ ಸಾಬೀತು ಮಾಡಬೇಕಿತ್ತು. ಅದು ಬದಲಾದದ್ದು 2001ರಲ್ಲಿ. 1985ರಲ್ಲಿ ಶಾ ಬಾನೋ ಎಂಬ ವೃದ್ಧೆ ಜೀವನಾಂಶದ ಮೊಕದ್ದಮೆ ಗೆದ್ದರು. ಮರುವರ್ಷವೇ ಸರ್ಕಾರ ಬೇರೆ ಕಾಯ್ದೆ ತಂದು ಆ ಗೆಲುವನ್ನು ಕುಗ್ಗಿಸಿತು. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಎಲ್ಲರಿಗೂ ಇರುವ ಕಾನೂನಿನಡಿ ಜೀವನಾಂಶ ಕೇಳಬಹುದೆಂದು 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಮತ್ತೆ ಸ್ಪಷ್ಟ ಮಾಡಿತು. ಹೆಂಗಸರು ಬಿಡದೆ ಕೇಳಿದ್ದರಿಂದ ಇಷ್ಟಾಯಿತು.

ಹಾಗಾದರೆ ನಾವೇನು ಮಾಡಬಹುದು? ನೊಂದವಳು ಮನೆ ಹುಡುಕಲು ಹೊರಟರೆ ಒಬ್ಬಳನ್ನೇ ಕಳಿಸಬೇಡಿ. ಸಂಘದ ಇಬ್ಬರು ಜೊತೆಗೆ ಹೋಗಿ, "ಇವರು ನಮ್ಮವರು, ನಾವು ಬಲ್ಲೆವು" ಎಂದು ಹೇಳಿ. ಅಡ್ವಾನ್ಸಿಗೆ ಸಂಘದ ಉಳಿತಾಯದಿಂದ ಸಾಲ ಕೊಡಿ. ಮಗಳ ಮದುವೆಗೆ ಕೊಡುವ ಸಾಲಕ್ಕಿಂತ ಇದು ಕಡಿಮೆ ಅಗತ್ಯದ್ದೇನಲ್ಲ. ನಿಮ್ಮಲ್ಲಿ ಯಾರಿಗಾದರೂ ಬಾಡಿಗೆಗೆ ಕೊಡುವ ಕೋಣೆಯಿದ್ದರೆ ಆ ಪ್ರಶ್ನೆಯನ್ನು ನೀವು ಕೇಳಬೇಡಿ. ಅತ್ತೆ-ಮಾವ ಒಪ್ಪದಿದ್ದರೆ ಸಂಘದವರು ಹೋಗಿ ಮಾತಾಡೋಣ. ತುರ್ತಿಗೆ 181ಕ್ಕೆ ಫೋನ್ ಮಾಡಿ. ದೂರು ಕೊಡಲು ನಿಮ್ಮ ಭಾಗದ ಸಂರಕ್ಷಣಾಧಿಕಾರಿಯನ್ನು ಕಾಣಿ, ಅವರು ಧರ್ಮ ಕೇಳುವಂತಿಲ್ಲ.

ಇನ್ನೊಂದು ಮಾತು. ನಿಮ್ಮ ಸಂಘದ ಹಾಜರಿ ಪುಸ್ತಕ ತೆರೆದು ಹೆಸರುಗಳನ್ನು ಓದಿ. ನಿಮ್ಮ ಬೀದಿಯಲ್ಲಿರುವ ಎಲ್ಲ ಜನರ ಹೆಸರೂ ಅದರಲ್ಲಿವೆಯೇ? ಇಲ್ಲದಿದ್ದರೆ ಹೋಗಿ ಕರೆಯಿರಿ. ಮುಂದಿನ ಸಭೆಗೆ ಬರುವಾಗ ನಿಮ್ಮ ಕ್ರಾಸಿನಲ್ಲಿ ಯಾವ ಮನೆ ಖಾಲಿಯಿದೆ, ಯಾರು ಕೇಳದೆ ಕೊಡುತ್ತಾರೆ ಎಂದು ವಿಚಾರಿಸಿಕೊಂಡು ಬನ್ನಿ. ಒಂದು ಪಟ್ಟಿ ಮಾಡಿಟ್ಟುಕೊಳ್ಳೋಣ. ರಾತ್ರಿ ಹೊತ್ತು ಯಾರಾದರೂ ಬಾಗಿಲು ತಟ್ಟಿದಾಗ ಅದು ಬೇಕಾಗುತ್ತದೆ.