ತೊಟ್ಟು ಎಣ್ಣೆಯೂ ಮಣ್ಣಿಗೆ ಬೀಳದಂತೆ ಟ್ರ್ಯಾಕ್ಟರಿನ ಆಯಿಲ್ ಬದಲಾವಣೆ

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಅಧ್ಯಾಪಕನಿಗೆ ಇಂಜಿನ್ ಆಯಿಲ್ಲಿನ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಇಂಜಿನ್ನಿನೊಳಗೆ ಇರುವ ತನಕ ಅದು ಮೆಕ್ಯಾನಿಕ್ಕನಿಗೆ ಸೇರಿದ ವಿಷಯ, ನಿಜ. ನೆಲಕ್ಕೆ ಬಿದ್ದ ಮೇಲೆ ಅದು ಮಣ್ಣಿನ ಮತ್ತು ಬಾವಿಯ ವಿಷಯವಾಗುತ್ತದೆ. ಅನೇಕ ರೈತರು ಇಂದು ಟ್ರ್ಯಾಕ್ಟರಿನ ಆಯಿಲ್ಲನ್ನು ಮನೆಯಲ್ಲಿಯೇ ಬದಲಾಯಿಸುತ್ತಾರೆ. ಖರ್ಚು ಉಳಿಯುತ್ತದೆ, ಯಂತ್ರದ ಪರಿಚಯವೂ ಆಗುತ್ತದೆ. ಆದರೆ ಕೈ ತೊಳೆಯಲು ನೀರು ಹತ್ತಿರವಿರಲೆಂದು ಈ ಕೆಲಸವನ್ನು ಪಂಪ್‌ಸೆಟ್ಟಿನ ಪಕ್ಕದಲ್ಲಿಯೋ ಕೊಟ್ಟಿಗೆಯ ಮುಂದೆಯೋ ಮಾಡುವುದುಂಟು. ಇದು ಸರಿಯಲ್ಲ.

ಸಾಧಾರಣ ಟ್ರ್ಯಾಕ್ಟರಿನ ಇಂಜಿನ್ 6ರಿಂದ 10 ಲೀಟರ್ ಆಯಿಲ್ ಹಿಡಿಯುತ್ತದೆ. ಭಾರಿ ಲಾರಿಗೆ ಇದರ ಎರಡರಷ್ಟು, ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ಇಷ್ಟನ್ನೂ ಚೆಲ್ಲದೆ ಇಳಿಸಿಕೊಳ್ಳಲು ದುಬಾರಿ ಸಾಮಾನುಗಳೇನೂ ಬೇಕಿಲ್ಲ. ಪೂರ್ವಸಿದ್ಧತೆ ಮತ್ತು ಕೆಲಸದ ಕ್ರಮ, ಇವೆರಡಿದ್ದರೆ ಸಾಕು.

ಚೆಲ್ಲಿದ ಆಯಿಲ್ಲಿನಿಂದ ಹಾನಿ

ಆಯಿಲ್ ಮಣ್ಣಿನ ಕಣಗಳ ಮೇಲೆ ಪೊರೆಯಂತೆ ಕೂರುತ್ತದೆ. ನೀರು ಸರಿಯಾಗಿ ಇಂಗುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ, ಬಿತ್ತಿದ ಬೀಜ ಮೊಳೆಯುವುದು ಕಷ್ಟ. ಇದಲ್ಲದೆ ಆಯಿಲ್ಲಿನಲ್ಲಿ ಇಂಗಾಲ ಹೇರಳವಾಗಿದ್ದು ಸಾರಜನಕ ಇಲ್ಲವೆನ್ನುವಷ್ಟು ಕಡಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಕೊಳೆಯದ ಒಣಹುಲ್ಲನ್ನು ಮಣ್ಣಿಗೆ ಸೇರಿಸಿದಾಗ ಪೈರು ಹಳದಿಯಾಗುವುದನ್ನು ತಾವು ನೋಡಿರಬಹುದು. ಇಲ್ಲಿಯೂ ನಡೆಯುವುದು ಅದೇ. ಹುಲ್ಲಾದರೆ ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಆಯಿಲ್ ಬಹುಕಾಲ ಉಳಿಯುತ್ತದೆ. ಇಂಜಿನ್ ಸವೆದು ಬಂದ ಲೋಹದ ಕಣಗಳೂ ಅದರಲ್ಲಿರುತ್ತವೆ.

ಇನ್ನು ನೀರಿನ ವಿಷಯ. ಒಂದು ಸಲ ಬದಲಾಯಿಸಿದ ಹಳೆ ಆಯಿಲ್ 10 ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಿದೆ. ಆದುದರಿಂದ ಬಾವಿ, ಕೊಳವೆಬಾವಿ, ಕಾಲುವೆ ಮತ್ತು ದನಗಳ ನೀರಿನ ತೊಟ್ಟಿಗಳಿಂದ ದೂರದಲ್ಲಿ ಮಟ್ಟಸವಾದ ಗಟ್ಟಿ ನೆಲವನ್ನು ಆರಿಸಿಕೊಳ್ಳಬೇಕು.

ಮೊದಲೇ ಸಿದ್ಧಪಡಿಸಿಕೊಳ್ಳಬೇಕಾದವು

ಕೈಪಿಡಿಯಲ್ಲಿ ಹೇಳಿದ ದರ್ಜೆಯ ಹೊಸ ಆಯಿಲ್, ಹೊಸ ಫಿಲ್ಟರ್, ಡ್ರೈನ್ ಬೋಲ್ಟಿಗೆ ಹೊಸ ವಾಷರ್, ಸರಿಯಾದ ಅಳತೆಯ ಸ್ಪ್ಯಾನರ್, ಲಾಳಿಕೆ, ಹಳೆ ಬಟ್ಟೆ, ಗಟ್ಟಿ ಪ್ಲಾಸ್ಟಿಕ್ ಚೀಲ, ರಬ್ಬರ್ ಕೈಗವಸು ಮತ್ತು ಒಂದು ಬುಟ್ಟಿ ಮರದ ಹೊಟ್ಟು. ಮರದ ಹೊಟ್ಟು ಇಲ್ಲದಿದ್ದರೆ ಭತ್ತದ ಹೊಟ್ಟಾದೀತು.

ಹಿಡಿಯುವ ಪಾತ್ರೆ ಎಲ್ಲಕ್ಕಿಂತ ಮುಖ್ಯ. 20 ಲೀಟರಿನ ಖಾಲಿ ಆಯಿಲ್ ಕ್ಯಾನನ್ನು ಅಡ್ಡ ಮಲಗಿಸಿ, ಮೇಲಾದ ಅಗಲ ಮಗ್ಗುಲನ್ನು ಕತ್ತರಿಸಿ ತೆಗೆಯಿರಿ. ಮುಚ್ಚಳದ ಬಾಯಿ ಮೇಲ್ಗಡೆಗೆ ಬರುವಂತೆ ಮಲಗಿಸಿದ್ದರೆ ಆಯಿಲ್ಲನ್ನು ಬೇರೆ ಕ್ಯಾನಿಗೆ ಸುರಿಯುವಾಗ ಅದೇ ಬಾಯಿ ಮೂತಿಯಂತೆ ಒದಗುತ್ತದೆ. ಪಾತ್ರೆಗೆ ನೀರು ಅಳೆದು ಹಾಕಿ, ಇಂಜಿನ್ ಹಿಡಿಯುವ ಆಯಿಲ್ಲಿಗಿಂತ ಅದು ಹೆಚ್ಚು ಹಿಡಿಯುತ್ತದೆಯೇ ಎಂದು ನೋಡಿ, ಒರೆಸಿ ಒಣಗಿಸಿಡಿ. ಅರ್ಧ ಇಳಿದ ಮೇಲೆ ಪಾತ್ರೆ ತುಂಬಿದರೆ ಏನೂ ಮಾಡಲಾಗದು.

ಆಯಿಲ್ ಇಳಿಸುವ ಕ್ರಮ

ಇಂಜಿನ್ನನ್ನು ಐದು ಹತ್ತು ನಿಮಿಷ ಓಡಿಸಿ ನಿಲ್ಲಿಸಿ. ಬೆಚ್ಚಗಿನ ಆಯಿಲ್ ಸಲೀಸಾಗಿ ಹರಿದು ಒಳಗಿನ ಕೊಳೆಯನ್ನೂ ಹೊರತರುತ್ತದೆ. ಹೊಲದಿಂದ ಬಂದ ಕೂಡಲೇ ಬಿಚ್ಚಬಾರದು, ಕೈ ಸುಡುತ್ತದೆ. ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕೀಲಿಕೈ ತೆಗೆದುಕೊಳ್ಳಿ. ಜಾಕ್ ಒಂದರ ಮೇಲೆಯೇ ನಿಂತ ವಾಹನದ ಕೆಳಗೆ ಯಾವ ಕಾರಣಕ್ಕೂ ಹೋಗಕೂಡದು. ಲಾರಿಯ ಕೆಲಸವನ್ನು ಗುಂಡಿ ಇರುವ ಗ್ಯಾರೇಜಿನಲ್ಲಿ ಮಾಡಿಸುವುದು ಮೇಲು.

ಮೊದಲ ಆಯಿಲ್ ನೆಟ್ಟಗೆ ಕೆಳಕ್ಕೆ ಬೀಳುವುದಿಲ್ಲ, ಬಿಲ್ಲಿನಂತೆ ಬಾಗಿ ದೂರಕ್ಕೆ ಚಿಮ್ಮುತ್ತದೆ. ಆದ್ದರಿಂದ ಪಾತ್ರೆಯ ಹೆಚ್ಚು ಭಾಗ ಬೋಲ್ಟಿನ ಮುಂದಕ್ಕೆ ಇರಬೇಕು. ಧಾರೆ ಕುಗ್ಗಿದಂತೆ ಹಿಂದಕ್ಕೆ ಸರಿಸಿ. ಗಾಳಿ ಬೀಸುತ್ತಿದ್ದರೆ ಸಣ್ಣ ಧಾರೆ ಪಾತ್ರೆಯ ಹೊರಗೆ ಹಾರುತ್ತದೆ. ಗಾಳಿ ಬರುವ ಕಡೆ ಗೋಣಿಚೀಲ ಇಳಿಬಿಡಿ.

ಬೋಲ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿ, ಅನಂತರ ಕೈಯಿಂದ ತಿರುಗಿಸಬೇಕು. ತಿರುಗಿಸುವಾಗ ಅದನ್ನು ಒಳಕ್ಕೆ ಒತ್ತಿ ಹಿಡಿದಿರಿ. ಮರೆ ಪೂರ್ತಿ ಬಿಟ್ಟಿತೆಂದು ತಿಳಿದಾಗ ಥಟ್ಟನೆ ಪಕ್ಕಕ್ಕೆ ಎಳೆದುಕೊಳ್ಳಿ. ಹೀಗೆ ಮಾಡಿದರೆ ಆಯಿಲ್ ತೋಳಿನ ಮೇಲೆ ಇಳಿಯುವುದಿಲ್ಲ, ಬೋಲ್ಟ್ ಪಾತ್ರೆಗೆ ಬಿದ್ದು ಎರಚುವುದೂ ಇಲ್ಲ. ತೊಟ್ಟಿಕ್ಕುವುದು ನಿಲ್ಲುವ ತನಕ ಕಾಯಿರಿ. ಬಳಿಕ ಹೊಸ ವಾಷರ್ ಸೇರಿಸಿ ಬೋಲ್ಟ್ ಬಿಗಿ ಮಾಡಿ. ಅತಿಯಾಗಿ ಬಿಗಿದರೆ ಮರೆ ಹಾಳಾಗುತ್ತದೆ.

ಫಿಲ್ಟರ್ ಬದಲಾವಣೆ

ಹೆಚ್ಚು ಚೆಲ್ಲುವುದು ಈ ಹಂತದಲ್ಲಿ. ತಿರುಗಿಸಿ ಬಿಚ್ಚುವ ಡಬ್ಬಿ ಫಿಲ್ಟರಾದರೆ, ಸ್ವಲ್ಪ ಸಡಿಲಿಸಿದ ಕೂಡಲೇ ಪ್ಲಾಸ್ಟಿಕ್ ಚೀಲವನ್ನು ಅದಕ್ಕೆ ಕೆಳಗಿನಿಂದ ತೊಡಿಸಿ, ಚೀಲದ ಹೊರಗಿನಿಂದಲೇ ಹಿಡಿದು ಬಿಚ್ಚಿರಿ. ಫಿಲ್ಟರ್ ಮತ್ತು ಸೋರಿದ ಆಯಿಲ್ ಎರಡೂ ಚೀಲದೊಳಗೇ ಉಳಿಯುತ್ತವೆ. ಫಿಲ್ಟರ್ ಅಡ್ಡಲಾಗಿ ಕೂತಿದ್ದರೆ ಪ್ಲಾಸ್ಟಿಕ್ ಬಾಟಲಿಯನ್ನು ಉದ್ದಕ್ಕೆ ಸೀಳಿ ದೋಣಿಯಂತೆ ಕೆಳಗೆ ಹಿಡಿಯಬಹುದು.

ಹಳೆ ರಬ್ಬರ್ ಬಳೆ ಇಂಜಿನ್ನಿಗೇ ಅಂಟಿಕೊಂಡು ಉಳಿದಿದೆಯೇ ಎಂದು ತಪ್ಪದೆ ನೋಡಿ. ಎರಡು ಬಳೆ ಒಂದರ ಮೇಲೊಂದು ಕೂತರೆ ಇಂಜಿನ್ ಚಾಲೂ ಆದಾಗ ಒತ್ತಡಕ್ಕೆ ಸಂದು ಬಿಟ್ಟು, ಹೊಸ ಆಯಿಲ್ಲೆಲ್ಲ ಕ್ಷಣದಲ್ಲಿ ಹೊರಬೀಳಬಹುದು. ನೆಲ ಕೆಡುವುದರ ಜೊತೆಗೆ ಇಂಜಿನ್ನೂ ಹಿಡಿದುಕೊಳ್ಳಬಹುದು. ಹೊಸ ಬಳೆಗೆ ಬೆರಳಿನಿಂದ ಹೊಸ ಆಯಿಲ್ ಸವರಿ, ಬಳೆ ತಾಗುವ ತನಕ ತಿರುಗಿಸಿ, ಅನಂತರ ಫಿಲ್ಟರಿನ ಮೇಲೆ ಅಚ್ಚಾದಷ್ಟು ಸುತ್ತು ಕೈಯಿಂದಲೇ ಬಿಗಿ ಮಾಡಿ. ಹಳೆ ಮಾದರಿಯ ಬಟ್ಟಲು ಫಿಲ್ಟರಾದರೆ ಬಟ್ಟಲನ್ನು ಡೀಸೆಲಿನಲ್ಲಿ ತೊಳೆದು ಬಳೆಯನ್ನೂ ಬದಲಾಯಿಸಬೇಕು.

ಲಾಳಿಕೆಯಿಂದ ಆಯಿಲ್ ಹಾಕುವಾಗ ಕೊನೆಯ ಒಂದು ಲೀಟರನ್ನು ಅಳತೆಕಡ್ಡಿ ನೋಡುತ್ತ ನಿಧಾನವಾಗಿ ಸುರಿಯಿರಿ. ಮೇಲಿನ ಗೆರೆ ಮೀರಬಾರದು; ಹೆಚ್ಚಾದರೆ ನೊರೆಯೇಳುತ್ತದೆ. ಇಂಜಿನ್ ಚಾಲೂ ಮಾಡಿದಾಗ ಆಯಿಲ್ ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಕೂಡಲೇ ನಿಲ್ಲಿಸಿ. ಆರಿದರೆ ಒಂದು ನಿಮಿಷ ಓಡಿಸಿ, ಸೋರಿಕೆ ಪರೀಕ್ಷಿಸಿ, ನಿಲ್ಲಿಸಿದ ಕೆಲಹೊತ್ತಿನ ಮೇಲೆ ಮಟ್ಟವನ್ನು ಮತ್ತೆ ನೋಡಿ. ತಾರೀಖು ಮತ್ತು ಓಡಿದ ಗಂಟೆಗಳನ್ನು ಬರೆದಿಡಿ.

ಹಳೆ ಆಯಿಲ್ಲಿನ ವಿಲೇವಾರಿ

ಹಳೆ ಆಯಿಲ್ಲನ್ನು ಬೇಲಿಗೂಟಕ್ಕೆ ಬಳಿಯುವುದು, ಕಳೆ ಸಾಯಲೆಂದು ಬದುವಿಗೆ ಸುರಿಯುವುದು, ಉಣ್ಣೆಗಾಗಿ ದನದ ಮೈಗೆ ಸವರುವುದು, ಒಲೆಗೆ ಹಾಕಿ ಉರಿಸುವುದು ಇವೆಲ್ಲ ರೂಢಿಯಲ್ಲಿವೆ. ಇವನ್ನು ಬಿಡಬೇಕು. ಇಂಜಿನ್ನಿನಲ್ಲಿ ಕಾದ ಆಯಿಲ್ಲಿನಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳಿರುತ್ತವೆ. ದನ ಮೈ ನೆಕ್ಕಿಕೊಂಡಾಗ ಅದು ಹೊಟ್ಟೆಗೆ ಹೋಗುತ್ತದೆ. ಉಣ್ಣೆಗೆ ಪಶುವೈದ್ಯರು ಹೇಳಿದ ಔಷಧಿಯನ್ನೇ ಬಳಸಿರಿ.

ಹಳೆ ಫಿಲ್ಟರನ್ನು ಪಾತ್ರೆಯ ಮೇಲೆ ಒಂದು ದಿನ ಬೋರಲು ಹಾಕಿದರೆ ಉಳಿದ ಆಯಿಲ್ಲೂ ಇಳಿಯುತ್ತದೆ. ಎಲ್ಲವನ್ನೂ ಬಿಗಿ ಮುಚ್ಚಳದ ಆಯಿಲ್ ಕ್ಯಾನಿಗೆ ತುಂಬಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಿ. ನೀರಿನ ಅಥವಾ ಅಡಿಗೆ ಎಣ್ಣೆಯ ಬಾಟಲಿಗೆ ತುಂಬಲೇಬಾರದು. ಡೀಸೆಲ್, ನೀರು, ಕೀಟನಾಶಕ ಯಾವುದನ್ನೂ ಇದಕ್ಕೆ ಬೆರೆಸಬೇಡಿ. ಬಟ್ಟಲು ತೊಳೆದ ಡೀಸೆಲನ್ನು ಬೇರೆ ಡಬ್ಬದಲ್ಲಿಡಿ. ಬೆರಕೆಯಿಲ್ಲದ ಹಳೆ ಆಯಿಲ್ಲನ್ನು ಮರುಸಂಸ್ಕರಿಸಿ ಮತ್ತೆ ಒಳ್ಳೆಯ ಆಯಿಲ್ ಮಾಡಲು ಬರುತ್ತದೆ. ಇದನ್ನು ಟ್ರ್ಯಾಕ್ಟರ್ ಡೀಲರರ ಸರ್ವಿಸ್ ಕೇಂದ್ರದ ಮೂಲಕ ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರಿಗೆ ಕೊಡಬೇಕು. ಹಳೆ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಳಪಟ್ಟಿದೆ. 2024ರ ಏಪ್ರಿಲ್ 1ರಿಂದ ಅದರ ಮರುಸಂಸ್ಕರಣೆಯ ಹೊಣೆಯನ್ನು ಆಯಿಲ್ ತಯಾರಕರ ಮೇಲೂ ಹೊರಿಸಲಾಗಿದೆ. ಊರಿನ ಹತ್ತು ಟ್ರ್ಯಾಕ್ಟರಿನವರು ಒಂದೇ ಡ್ರಮ್ಮಿಗೆ ಕೂಡಿಟ್ಟರೆ ಒಯ್ಯುವವರು ಊರಿಗೇ ಬಂದಾರು. ಈ ವ್ಯವಸ್ಥೆಯನ್ನು ಸಹಕಾರ ಸಂಘಗಳೂ ವಿಸ್ತರಣಾ ಕಾರ್ಯಕರ್ತರೂ ಕೈಗೆತ್ತಿಕೊಳ್ಳಬಹುದು.

ಇಷ್ಟಾದರೂ ತುಸು ಚೆಲ್ಲಿದರೆ ನೀರು ಹಾಕಿ ತೊಳೆಯಬೇಡಿ, ಅದು ಹರಡುತ್ತದೆ. ಹೊಟ್ಟು ಉದುರಿಸಿ, ಹೀರಿದ ಮೇಲೆ ಗುಡಿಸಿ, ಆ ಹೊಟ್ಟನ್ನು ಚೀಲದಲ್ಲಿ ಕಟ್ಟಿ ಹಳೆ ಫಿಲ್ಟರಿನ ಜೊತೆ ಇಡಿ. ಅದನ್ನು ತಿಪ್ಪೆಗೆ ಹಾಕಕೂಡದು. ತಿಪ್ಪೆಗೆ ಹಾಕಿದ್ದು ಮುಂದಿನ ಮುಂಗಾರಿಗೆ ಹೊಲ ಸೇರುತ್ತದೆ ಎಂಬುದು ತಮಗೆ ಗೊತ್ತೇ ಇದೆ.