ಪಾಲಿಗೆ ಮುನ್ನ ದಾರಿ

(ಜಮಾಅತಿನ ಕುಟುಂಬ ಸಂಗಮವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಆಸ್ತಿಯ ಕುರಿತಾದ ನಮ್ಮ ಮಾತುಗಳು ಸಾಮಾನ್ಯವಾಗಿ 'ಯಾರಿಗೆ ಎಷ್ಟು' ಎಂಬಲ್ಲಿಗೆ ಮುಗಿಯುತ್ತವೆ. ಆ ಪಾಲಿಗೆ ಹೋಗುವ ದಾರಿ ಯಾವುದು? ಮಳೆ ನೀರು ಎತ್ತ ಹರಿಯಬೇಕು? ನಳ್ಳಿ ನೀರಿನ ಪೈಪು ಯಾರ ಜಾಗದಲ್ಲಿ ಹಾದು ಬರಬೇಕು? ವಿದ್ಯುತ್ ಕಂಬ ಎಲ್ಲಿ ನಿಲ್ಲಬೇಕು? ಈ ಪ್ರಶ್ನೆಗಳನ್ನು ನಾವು ಕೇಳುವುದು ಮನೆಯ ಪಂಚಾಂಗ ಎದ್ದ ಮೇಲೆ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಇಂದು ನಮ್ಮ ಸಣ್ಣ ಪಟ್ಟಣಗಳ ಸುತ್ತ ತೋಟ, ಗದ್ದೆಗಳು ನಿವೇಶನಗಳಾಗುತ್ತಿವೆ. ತಂದೆ ಬಿಟ್ಟುಹೋದ ಜಾಗ ಮಕ್ಕಳೊಳಗೆ ತುಂಡಾಗುತ್ತಿದೆ. ಎರಡು ಕಡೆಯೂ ಅನ್ಯಾಯ ಒಂದೇ ದಾರಿಯಿಂದ ಒಳನುಗ್ಗುತ್ತದೆ. ರಸ್ತೆಯ ಬದಿಯ ಭಾಗ ಬಲವುಳ್ಳವನಿಗೆ, ಹಿಂದಿನ ಭಾಗ ದನಿಯಿಲ್ಲದವರಿಗೆ. ಹೆಚ್ಚಿನ ಮನೆಗಳಲ್ಲಿ ಆ ದನಿಯಿಲ್ಲದವರು ಯಾರೆಂದು ಹೇಳಬೇಕಾಗಿಲ್ಲ. ಅವರು ನಮ್ಮ ಸಹೋದರಿಯರು. 'ಶರೀಅತ್ ಪ್ರಕಾರ ಅವಳ ಪಾಲು ಕೊಟ್ಟಿದ್ದೇವೆ' ಎಂದು ಅಣ್ಣಂದಿರು ಹೇಳುತ್ತಾರೆ. ಸೆಂಟ್ಸ್ ಲೆಕ್ಕದಲ್ಲಿ ಅದು ನಿಜ. ಆದರೆ ದಾರಿಯಿಲ್ಲದ ಐದು ಸೆಂಟ್ಸ್, ರಸ್ತೆ ಬದಿಯ ಐದು ಸೆಂಟ್ಸಿಗೆ ಸಮಾನವೇ? ಮನೆ ಕಟ್ಟಲು ಕಲ್ಲು ಸಾಗಿಸಲಾಗದ, ಆಂಬುಲೆನ್ಸ್ ಬರಲಾಗದ ಜಾಗವನ್ನು ಕೊನೆಗೆ ಅವಳು ಯಾರಿಗೆ ಮಾರಬೇಕು? ಅಣ್ಣನಿಗೇ, ಅಣ್ಣ ಹೇಳಿದ ಬೆಲೆಗೆ.

ದಾರಿಯ ಅಗಲದ ಬಗ್ಗೆ ತಕರಾರು ಬಂದರೆ ಏಳು ಮೊಳ ಬಿಡಬೇಕೆಂದು ಪ್ರವಾದಿವರ್ಯರು(ಸ) ತೀರ್ಪು ನೀಡಿದುದು ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿ ದಾಖಲಾಗಿದೆ. ಏಳು ಮೊಳವೆಂದರೆ ಸುಮಾರು ಹತ್ತೂವರೆ ಅಡಿ. ಅದು ಹೊರೆ ಹೊತ್ತ ಒಂಟೆಗಳ ಕಾಲ. ಇಂದು ಕಾಂಕ್ರೀಟು ಲಾರಿ, ಅಗ್ನಿಶಾಮಕ ವಾಹನಗಳು ಬರಬೇಕಾದ ಕಾಲದಲ್ಲಿ ನಾವು ಆರು ಅಡಿಯ ಓಣಿ ಬಿಟ್ಟು ಔದಾರ್ಯ ಮೆರೆದೆವೆಂದುಕೊಳ್ಳುತ್ತೇವೆ!

ಒಂದು ಸರಳ ಲೆಕ್ಕ ನೋಡೋಣ. ವಾರಸುದಾರರು ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಮಾತ್ರ. ಜಾಗ 34 ಸೆಂಟ್ಸ್ ಎಂದಿಟ್ಟುಕೊಳ್ಳಿ. 12 ಅಡಿ ಅಗಲ, 150 ಅಡಿ ಉದ್ದದ ದಾರಿಗೆ ಬೇಕಾಗುವುದು ಸುಮಾರು 4 ಸೆಂಟ್ಸ್. ಅದನ್ನು ಮೊದಲು ತೆಗೆದಿಟ್ಟರೆ ಉಳಿದ 30ರಲ್ಲಿ ಗಂಡುಮಕ್ಕಳಿಗೆ ತಲಾ 10, ಹೆಣ್ಣುಮಕ್ಕಳಿಗೆ ತಲಾ 5. ದಾರಿ ಬಿಡದೆ ಹಂಚಿದ್ದರೆ ಮಗನಿಗೆ ಹೆಚ್ಚುವರಿಯಾಗಿ ಸಿಗುತ್ತಿದ್ದುದು ಒಂದೂಕಾಲು ಸೆಂಟ್ಸಿಗಿಂತ ತುಸು ಹೆಚ್ಚು, ಅಷ್ಟೇ. ಅಷ್ಟನ್ನು ಉಳಿಸಿಕೊಳ್ಳಲು ಹೋಗಿ ಹತ್ತು ವರ್ಷ ಕೋರ್ಟು ಅಲೆಯುವ, ಒಡಹುಟ್ಟಿದವರು ಈದ್‌ಗೂ ಮುಖ ನೋಡದಂತಾಗುವ ಕುಟುಂಬಗಳು ನಮ್ಮಲ್ಲಿವೆ. ಮೃತರ ಸಾಲ ತೀರಿಸಿ, ವಸಿಯ್ಯತ್ ಪೂರೈಸಿದ ಬಳಿಕವೇ ಪಾಲು ಮಾಡಬೇಕೆಂದು ನಾವು ಬಲ್ಲೆವು. ಅದೇ ವಿವೇಕದಿಂದ, ದಾರಿ ಮತ್ತು ಚರಂಡಿಯನ್ನು ಬಿಟ್ಟ ಬಳಿಕವೇ ಅಳತೆಯ ಸರಪಳಿ ಎಳೆಯುವುದನ್ನು ರೂಢಿ ಮಾಡಿಕೊಳ್ಳಬಾರದೇಕೆ?

ಕಾನೂನು ರಕ್ಷಣೆ ಕೊಡುವುದಿಲ್ಲವೇ ಎಂದು ಕೇಳಬಹುದು. ಕೊಡುತ್ತದೆ, ಆದರೆ ಮಿತಿಯೊಳಗೆ. 1882ರ ಭಾರತೀಯ ಈಸ್‌ಮೆಂಟ್ ಕಾಯಿದೆಯ 13ನೇ ಕಲಮಿನಂತೆ, ಒಟ್ಟು ಆಸ್ತಿ ವಿಭಜನೆಯಾದಾಗ ಅನ್ಯ ದಾರಿಯೇ ಇಲ್ಲದ ಪಾಲುದಾರನಿಗೆ ಇನ್ನೊಂದು ಪಾಲಿನ ಮೂಲಕ ಹಾದುಹೋಗುವ ಹಕ್ಕಿದೆ. ಆದರೆ ಆ ದಾರಿ ಎಲ್ಲಿ ಹೋಗಬೇಕೆಂದು ಗುರುತಿಸುವವನು ಜಾಗದ ಒಡೆಯ. ದುರಸ್ತಿಯ ಖರ್ಚು ದಾರಿಯನ್ನು ಬಳಸುವವನದು. ಪೈಪು, ತಂತಿ ಎಳೆಯುವ ಮಾತು ಬಂದರೆ ಹೊಸ ತಗಾದೆ. ಆದುದರಿಂದ ದಾರಿಯ ಅಗಲ, ಅದರಡಿ ಪೈಪು ಹಾಕುವ ಮತ್ತು ಮೇಲೆ ತಂತಿ ಎಳೆಯುವ ಹಕ್ಕು, ದುರಸ್ತಿಯಲ್ಲಿ ಯಾರ ಪಾಲು ಎಷ್ಟು ಎಂಬುದೆಲ್ಲ ನಕ್ಷೆ ಸಮೇತ ನೋಂದಾಯಿತ ವಿಭಾಗ ಪತ್ರದಲ್ಲೇ ಇರಬೇಕು. ಬಾಯಿಮಾತಿನ ದಾರಿ ಬಾಯಿ ಮುಚ್ಚಿದ ದಿನ ಮುಚ್ಚಿಹೋಗುತ್ತದೆ.

ಇನ್ನು ನಿವೇಶನ ಮಾರಾಟದ ವಿಷಯ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 17ನೇ ಕಲಮಿನಂತೆ, ಯೋಜನಾ ಪ್ರದೇಶದಲ್ಲಿ ಜಾಗವನ್ನು ವಿಭಾಗಿಸುವವನು ಅಥವಾ ಖಾಸಗಿ ರಸ್ತೆ ನಿರ್ಮಿಸುವವನು ಯೋಜನಾ ಪ್ರಾಧಿಕಾರದ ಅನುಮೋದನೆ ಪಡೆಯಬೇಕು. ರಸ್ತೆ, ಚರಂಡಿ, ನೀರು, ವಿದ್ಯುತ್ ವ್ಯವಸ್ಥೆಯನ್ನು ಬಡಾವಣೆ ಮಾಡುವವನೇ ತನ್ನ ಖರ್ಚಿನಲ್ಲಿ ಮಾಡಬೇಕು. ಬಳಿಕ ರಸ್ತೆ ಮತ್ತು ಉದ್ಯಾನದ ಜಾಗವನ್ನು ಉಚಿತವಾಗಿ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಆಮೇಲಷ್ಟೇ ಅವುಗಳ ನಿರ್ವಹಣೆ ಪುರಸಭೆಯ ಹೊಣೆ.

ಈ ಕೊನೆಯ ಹೆಜ್ಜೆಯಲ್ಲೇ ವಂಚನೆ ಅಡಗಿದೆ. ನಕ್ಷೆಯಲ್ಲಿ 30 ಅಡಿ ರಸ್ತೆ ಇರುತ್ತದೆ; ಹಸ್ತಾಂತರವಾಗದ ಕಾರಣ ಪಹಣಿಯಲ್ಲಿ ಅದು ಮಾರಿದವನ ಹೆಸರಲ್ಲೇ ಉಳಿದಿರುತ್ತದೆ. ಡಾಮರು ಹಾಕಿ ಎಂದು ಹೋದರೆ 'ಅದು ಖಾಸಗಿ ಜಾಗ' ಎಂದು ಪುರಸಭೆ ಕೈತೊಳೆಯುತ್ತದೆ. ಮಾರಿದವನು 'ತೆರಿಗೆ ಕಟ್ಟುತ್ತೀರಲ್ಲ, ಪುರಸಭೆಯನ್ನೇ ಕೇಳಿ' ಎನ್ನುತ್ತಾನೆ. ಗಲ್ಫಿನ ಬಿಸಿಲಲ್ಲಿ ದುಡಿದ ಹಣದಿಂದ ನಿವೇಶನ ಕೊಂಡವರ ಮನೆಯವರು ಪ್ರತಿ ಮಳೆಗಾಲದಲ್ಲಿ ಕೆಸರು ತುಳಿಯುತ್ತಾರೆ.

ಸರಕಾರಗಳೂ ಇದರಲ್ಲಿ ನಿರ್ದೋಷಿಗಳಲ್ಲ. ಅನಧಿಕೃತ ಬಡಾವಣೆಗಳು ಕಣ್ಣೆದುರೇ ಬೆಳೆಯುವಾಗ ಸುಮ್ಮನಿದ್ದು, ಬಳಿಕ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವುದು ಅವುಗಳ ರೂಢಿ. ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ನೀಡಿತು. 2025ರಲ್ಲಿ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಅನಧಿಕೃತ ಸ್ವತ್ತುಗಳಿಗೆ ಬಿ-ಖಾತೆ ನೀಡುವ ಅಭಿಯಾನ ನಡೆಯಿತು. ಖಾತೆ ಸಿಕ್ಕಿದ್ದು ಬಡವರಿಗೆ ಸಮಾಧಾನವೇ. ಆದರೆ ಖಾತೆಯ ಕಾಗದ ತೆರಿಗೆಗೆ ದಾರಿ ಮಾಡುತ್ತದೆ, ಮನೆಗೆ ದಾರಿ ಮಾಡುವುದಿಲ್ಲ.

ಹಾಗಾದರೆ ನಾವೇನು ಮಾಡಬೇಕು?

ಕೊಳ್ಳುವವರು ಮುಂಗಡ ಕೊಡುವ ಮುನ್ನ ಅನುಮೋದಿತ ನಕ್ಷೆ ಕೇಳಬೇಕು. ರಸ್ತೆ ಇಂದು ಯಾರ ಹೆಸರಿನಲ್ಲಿದೆ ಎಂದು ದಾಖಲೆಯಲ್ಲಿ ನೋಡಬೇಕು. ಮಾರಾಟಕ್ಕಾಗಿ ಅಭಿವೃದ್ಧಿಪಡಿಸುವ ಜಾಗ 500 ಚದರ ಮೀಟರ್, ಅಂದರೆ ಸುಮಾರು 12 ಸೆಂಟ್ಸ್ ಮೀರಿದರೆ 2016ರ ರೇರಾ ಕಾಯಿದೆಯಡಿ ನೋಂದಣಿ ಕಡ್ಡಾಯ. ಆ ಸಂಖ್ಯೆ ಕೇಳಲು ಸಂಕೋಚ ಬೇಡ. ಸೌಕರ್ಯಗಳಲ್ಲಿ ದೋಷ ಕಂಡುಬಂದರೆ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ತಿಳಿಸಿದಲ್ಲಿ ಅದನ್ನು ಉಚಿತವಾಗಿ ಸರಿಪಡಿಸುವ ಹೊಣೆ ಮಾರಿದವನದೆಂದು ಅದೇ ಕಾಯಿದೆ ಹೇಳುತ್ತದೆ.

ಈಗಾಗಲೇ ಕೊಂಡು ಸಿಕ್ಕಿಬಿದ್ದವರು ಒಬ್ಬೊಬ್ಬರಾಗಿ ಕಚೇರಿ ಸುತ್ತದಿರಲಿ. ಬಡಾವಣೆಯವರೆಲ್ಲ ಜಾತಿ ಧರ್ಮ ನೋಡದೆ ಸಂಘ ಕಟ್ಟಿ, ರಸ್ತೆಯ ಹಸ್ತಾಂತರಕ್ಕೆ ಲಿಖಿತ ಮನವಿ ಸಲ್ಲಿಸಲಿ. ಕೆಸರು ಯಾರ ಧರ್ಮವನ್ನೂ ಕೇಳುವುದಿಲ್ಲ.

ಮಾರುವವರಲ್ಲಿ ನಮ್ಮವರೂ ಇದ್ದಾರೆ. ಒದ್ದೆಯಾದ ಧಾನ್ಯವನ್ನು ರಾಶಿಯ ಅಡಿಯಲ್ಲಿ ಬಚ್ಚಿಟ್ಟ ವ್ಯಾಪಾರಿಯನ್ನು ಪ್ರವಾದಿವರ್ಯರು(ಸ) ಎಷ್ಟು ಕಠಿಣವಾಗಿ ಎಚ್ಚರಿಸಿದರೆಂಬುದನ್ನು ಅವರು ಬಲ್ಲರು. ಇಲ್ಲದ ರಸ್ತೆಯನ್ನು ನಕ್ಷೆಯಲ್ಲಿ ತೋರಿಸುವುದು ಅದಕ್ಕಿಂತ ಹೇಗೆ ಭಿನ್ನ?

ಕೊನೆಯದಾಗಿ ಜಮಾಅತ್ ಸಮಿತಿಗಳಲ್ಲಿ ನಮ್ಮ ಬಿನ್ನಹ. ಪಾಲು ಪಂಚಾಯತಿಗೆಂದು ಕುಟುಂಬಗಳು ನಿಮ್ಮ ಬಳಿ ಬರುತ್ತವೆ. ಅಂದು ಸಹೋದರಿಯರನ್ನೂ ಕರೆಸಿ, ನಕ್ಷೆಯನ್ನು ಅವರ ಮುಂದೆ ಬಿಡಿಸಿ. ಅವರ ಪಾಲಿನಿಂದ ಸಾರ್ವಜನಿಕ ರಸ್ತೆಯವರೆಗೆ ಬೆರಳಿಟ್ಟು ದಾರಿ ತೋರಿಸುವಂತೆ ಅಣ್ಣಂದಿರಿಗೆ ಹೇಳಿ. ಬೆರಳು ಎಲ್ಲಿಯಾದರೂ ಬೇಲಿಗೆ ತಗಲಿ ನಿಂತರೆ, ಆ ಪಾಲುಪಟ್ಟಿಗೆ ಸಾಕ್ಷಿ ಹಾಕಬೇಡಿ.